ಕಡಲ ಸೆಳವಿನಲ್ಲಿ ಉಸಿರಿನ ಯಂತ್ರ

ಇಂಡೊನೇಷ್ಯದ ನಕ್ಷೆಯನ್ನು ಬಿಡಿಸಿ ನೋಡಿದರೆ ಸುಂಬಾವಾ ಮತ್ತು ಫ್ಲೋರೆಸ್ ಎಂಬ ಎರಡು ದೊಡ್ಡ ದ್ವೀಪಗಳ ನಡುವೆ ಕೊಮೊಡೊ ಎಂಬ ಸಣ್ಣ ದ್ವೀಪವೊಂದು ಕಾಣುವುದು. ದೈತ್ಯ ಉಡಗಳ ನೆಲೆಯೆಂದು ಅದು ಲೋಕಪ್ರಸಿದ್ಧ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶವು 1991ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿಯ ಕಡಲಿನ ಕೀರ್ತಿ ನೆಲದ ಕೀರ್ತಿಗಿಂತ ಕಡಮೆಯದಲ್ಲ. ಪೆಸಿಫಿಕ್ ಸಾಗರದ ಕಡೆಯ ನೀರಿನ ಮಟ್ಟವು ಹಿಂದೂ ಮಹಾಸಾಗರದ ಕಡೆಗಿಂತ ತುಸು ಎತ್ತರವಾಗಿರುವುದರಿಂದ ಇಂಡೊನೇಷ್ಯದ ದ್ವೀಪಮಾಲೆಯ ಸಂದುಗಳಲ್ಲಿ ನೀರು ಒಂದು ಸಾಗರದಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುವುದು. ಇದರ ಮೇಲೆ ಚಂದ್ರಸೂರ್ಯರು ಎಬ್ಬಿಸುವ ಉಬ್ಬರವಿಳಿತಗಳು ಸೇರಿದಾಗ ಇಕ್ಕಟ್ಟಾದ ಜಲಸಂಧಿಗಳಲ್ಲಿ ಕಡಲೇ ತುಂಬುಹೊಳೆಯಾಗಿ ಬಿಡುವುದು. ಈ ಹರಿವಿನೊಡನೆ ಬರುವ ಆಹಾರದ ಬಲದಿಂದಲೇ ಅಲ್ಲಿ ಹವಳಗಳೂ ಮೀನುಗಳೂ ತುಂಬಿ ತುಳುಕುತ್ತವೆ. ಅವನ್ನು ನೋಡಲೆಂದೇ ನಾನಾ ದೇಶಗಳ ಮುಳುಗುಗಾರರು ಅಲ್ಲಿಗೆ ಬರುವರು.

ಆ ನೀರಿನಲ್ಲಿ ಬಟು ಬೊಲೊಂಗ್ ಎಂಬ ಒಂದು ಬಂಡೆಯುಂಟು. ಹೆಸರಿನ ಅರ್ಥ 'ತೂತುಬಂಡೆ'. ನೀರಿನ ಮೇಲೆ ಕಾಣುವುದು ಅದರ ತುದಿ ಮಾತ್ರ. ಕೆಳಗೆ ಕಡಿದಾದ ಗೋಡೆ. ಸೆಳವು ಬಂಡೆಯ ಒಂದು ಮಗ್ಗುಲಿಗೆ ಬಡಿದು ಎರಡಾಗಿ ಸೀಳಿ ಹೋಗುವುದರಿಂದ ಇನ್ನೊಂದು ಮಗ್ಗುಲಿನಲ್ಲಿ ಶಾಂತವಾದ ಮರೆ ಏರ್ಪಡುವುದು. ಮುಳುಗುಗಾರರು ಈ ಮರೆಯಲ್ಲಿಯೇ ಇಳಿದು, ಮರೆಯಲ್ಲಿಯೇ ಏರಿ ಬರುವರು.

20 ಮೀಟರು ಆಳದಲ್ಲಿ ಒಬ್ಬನು ಈ ಮರೆಯ ಅಂಚನ್ನು ದಾಟಿ ಎರಡು ಮಾರು ಆಚೆ ಹೋದನೆಂದು ಭಾವಿಸೋಣ. ಕೂಡಲೇ ಸೆಳವು ಅವನ ಮುಖಕ್ಕೆ ಅಪ್ಪಳಿಸುವುದು. ಅವನು ಉಸಿರೆಳೆಯದಿದ್ದರೂ ಬಾಯಲ್ಲಿ ಕಚ್ಚಿದ ಉಪಕರಣದಿಂದ ಗಾಳಿ ಬುಸುಗುಟ್ಟುತ್ತ ಹೊರಗೆ ಸುರಿಯತೊಡಗುವುದು. ಮರಳಿ ಬರಲು ಕಾಲು ಬಡಿದಂತೆಲ್ಲ ಏದುಸಿರು ಹೆಚ್ಚುವುದು. ಒತ್ತಡಮಾಪಕದ ಮುಳ್ಳು ಕಣ್ಣೆದುರಿಗೇ ಇಳಿಯುವುದು. ಯಂತ್ರವು ಕೆಟ್ಟಿತೆಂದು ಅವನಿಗೆ ಅನಿಸಬಹುದು. ಆದರೆ ಯಂತ್ರವು ಕೆಟ್ಟಿಲ್ಲ. ತನ್ನ ಒಳಗಿನ ಭೌತನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ, ಅಷ್ಟೆ. ಆ ನಿಯಮವು ಯಾವುದು, ಸೆಳವಿನ ನೀರಿಗೆ ಎಂತಹ ಯಂತ್ರವನ್ನು ಆರಿಸಬೇಕು, ಅದನ್ನು ಹೇಗೆ ಕಾಪಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎರಡು ಘಟ್ಟಗಳ ಯಂತ್ರ

ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒತ್ತಡವು ಹೆಚ್ಚುಕಡಮೆ ಒಂದು ವಾಯುಮಂಡಲದಷ್ಟು, ಎಂದರೆ ಸುಮಾರು ಒಂದು ಬಾರ್‌ನಷ್ಟು, ಏರುವುದೆಂದು ವಿದ್ಯಾರ್ಥಿಗಳು ಬಲ್ಲರು. 20 ಮೀಟರು ಆಳದಲ್ಲಿ ಒಟ್ಟು ಒತ್ತಡ 3 ಬಾರ್. ಅಲ್ಲಿ ಎದೆಯ ಮೇಲೆ ಕುಳಿತ ಈ ಒತ್ತಡವನ್ನು ಎದುರಿಸಿ ಮೇಲ್ಮೈಯಿಂದ ಉದ್ದನೆಯ ಕೊಳವೆಯ ಮೂಲಕ ಗಾಳಿಯನ್ನು ಹೀರುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಆದುದರಿಂದ ಸುತ್ತಲಿನ ನೀರಿಗೆ ಸಮನಾದ ಒತ್ತಡದಲ್ಲಿಯೇ ಗಾಳಿಯನ್ನು ಬಾಯಿಗೆ ಒದಗಿಸಬೇಕು. ಬೆನ್ನಿನ ಮೇಲಿನ ಸಿಲಿಂಡರಿನಲ್ಲಾದರೋ ಗಾಳಿಯು ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಈ 200ನ್ನು 3ಕ್ಕೆ ಇಳಿಸಿ, ಬೇಕೆಂದಾಗ ಬೇಕಾದಷ್ಟೇ ಕೊಡುವ ಉಪಕರಣಕ್ಕೆ ರೆಗ್ಯುಲೇಟರ್ ಎಂದು ಹೆಸರು.

ಈ ಇಳಿತವು ಎರಡು ಘಟ್ಟಗಳಲ್ಲಿ ನಡೆಯುವುದು. ಮೊದಲನೆಯ ಘಟ್ಟವು ಸಿಲಿಂಡರಿನ ತಲೆಗೆ ಬಿಗಿದ ಲೋಹದ ಗಟ್ಟಿಮುಟ್ಟಾದ ಭಾಗ. ಒಳಗೆ ಒಂದು ಸ್ಪ್ರಿಂಗು, ಒಂದು ಪಿಸ್ಟನ್ನು ಅಥವಾ ದಪ್ಪ ಪೊರೆ, ಮತ್ತು ಒಂದು ಕವಾಟ ಇರುವುವು. ಸ್ಪ್ರಿಂಗಿನ ಬಲ ಹಾಗೂ ಸುತ್ತಲಿನ ನೀರಿನ ಒತ್ತಡಗಳು ಒಂದು ಕಡೆಯಿಂದ ಕವಾಟವನ್ನು ತೆರೆಯಲು ನೂಕಿದರೆ, ಕೊಳವೆಯಲ್ಲಿ ತುಂಬಿದ ಗಾಳಿಯ ಒತ್ತಡವು ಅದನ್ನು ಮುಚ್ಚಲು ನೂಕುವುದು. ಇವೆರಡೂ ಸಮವಾದಲ್ಲಿ ಕವಾಟವು ಮುಚ್ಚಿಕೊಳ್ಳುವುದು. ಹೀಗೆ ಕೊಳವೆಯ ಒತ್ತಡವು ಸುತ್ತಲಿನ ನೀರಿಗಿಂತ ಸುಮಾರು 9ರಿಂದ 10 ಬಾರ್ ಹೆಚ್ಚಾಗಿ ನಿಲ್ಲುವುದು. ಇದಕ್ಕೆ ಮಧ್ಯಂತರ ಒತ್ತಡವೆನ್ನೋಣ.

ಎರಡನೆಯ ಘಟ್ಟವು ಬಾಯಲ್ಲಿ ಕಚ್ಚುವ ಭಾಗ. ಅದು ಒಂದು ಸಣ್ಣ ಡಬ್ಬಿ. ಡಬ್ಬಿಯ ಮುಂಭಾಗದಲ್ಲಿ ತೆಳುವಾದ, ಬಾಗುವ ಪೊರೆ. ಪೊರೆಯ ಹೊರಗೆ ನೀರು, ಒಳಗೆ ಗಾಳಿ. ಮುಳುಗುಗಾರನು ಉಸಿರೆಳೆದಾಗ ಒಳಗಿನ ಒತ್ತಡವು ಸ್ವಲ್ಪ ಇಳಿದು, ನೀರು ಪೊರೆಯನ್ನು ಒಳಕ್ಕೆ ಒತ್ತುವುದು, ಪೊರೆಯು ಒಂದು ಸನ್ನೆಯನ್ನು ತಳ್ಳುವುದು, ಸನ್ನೆಯು ಕವಾಟವನ್ನು ತೆರೆಯುವುದು, ಗಾಳಿ ಬರುವುದು. ಉಸಿರು ತುಂಬಿದೊಡನೆ ಪೊರೆಯು ಹಿಂದಕ್ಕೆ ಸರಿದು ಕವಾಟವು ಮುಚ್ಚುವುದು. ಬಿಟ್ಟ ಉಸಿರು ಬೇರೊಂದು ರಬ್ಬರಿನ ಕವಾಟದ ಮೂಲಕ ಗುಳ್ಳೆಗಳಾಗಿ ಹೊರಗೆ ಹೋಗುವುದು. ಪೊರೆಯ ಮುಂದಿನ ಮುಚ್ಚಳದ ನಡುವೆ ಒಂದು ಗುಂಡಿ ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿದರೆ ಪೊರೆಯು ಒಳಕ್ಕೆ ಹೋಗಿ ಗಾಳಿಯು ತಾನಾಗಿ ಹರಿಯುವುದು; ಡಬ್ಬಿಯೊಳಕ್ಕೆ ನುಗ್ಗಿದ ನೀರನ್ನು ಹೊರದೂಡಲು ಈ ಏರ್ಪಾಡು.

ಕವಾಟವನ್ನು ತೆರೆಯಲು ಎಷ್ಟು ಹೀರಬೇಕು? ಈ ಅಳತೆಯನ್ನು ನೀರಿನ ಕಂಬದ ಎತ್ತರದಲ್ಲಿ ಹೇಳುವುದು ವಾಡಿಕೆ. ಒಳ್ಳೆಯ ರೆಗ್ಯುಲೇಟರಿನಲ್ಲಿ ಅದು ಸುಮಾರು 3 ಸೆಂಟಿಮೀಟರು ನೀರಿನ ಕಂಬದಷ್ಟು, ಎಂದರೆ ಸುಮಾರು 300 ಪಾಸ್ಕಲ್. 200 ಬಾರ್ ಒತ್ತಡವನ್ನು ಅಂಕೆಯಲ್ಲಿಟ್ಟಿರುವ ಯಂತ್ರದ ಬೀಗದ ಕೈಯು ಬರಿಯ ಮೂರು ಸೆಂಟಿಮೀಟರು ನೀರಿನ ಭಾರ! ಈ ಸೂಕ್ಷ್ಮತೆಯೇ ಅದರ ಗುಣ. ಸೆಳವಿನಲ್ಲಿ ಇದೇ ಅದರ ದೌರ್ಬಲ್ಯವೂ ಹೌದು.

ಮಾರ್ನ್ ನದಿ ಕಲಿಸಿದ ಪಾಠ

ಇಂತಹ ಯಂತ್ರದ ಮೂಲರೂಪವನ್ನು ಫ್ರಾನ್ಸಿನ ಗಣಿ ಇಂಜಿನಿಯರ್ ಬೆನ್ವಾ ರುಕೆರೋಲ್ 1860ರಲ್ಲಿ ರಚಿಸಿದನು. ನೌಕಾಧಿಕಾರಿ ಓಗ್ಯುಸ್ತ್ ದೆನೆರೂಜ್ 1864ರಲ್ಲಿ ಅವನೊಡನೆ ಸೇರಿ ಅದನ್ನು ನೀರಿನ ಕೆಲಸಕ್ಕೆ ಅಳವಡಿಸಿದನು. ಈಗಿನ ಸ್ಕೂಬಾದ ಕಥೆ ಆರಂಭವಾದುದು 1943ರಲ್ಲಿ. ಎರಡನೆಯ ಮಹಾಯುದ್ಧದ ಆ ಕಾಲದಲ್ಲಿ ಪೆಟ್ರೋಲು ದೊರೆಯದೆ ಕಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಾಗ, ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರನು ಅದಕ್ಕಾಗಿ ಒಂದು ಕವಾಟವನ್ನು ಮಾಡಿದ್ದನು. ಜಾಕ್ ಕೂಸ್ತೊ ಅದನ್ನು ಕಂಡು, ಇದೇ ತತ್ತ್ವದಿಂದ ಮನುಷ್ಯನಿಗೂ ಉಸಿರನ್ನು ಒದಗಿಸಬಹುದೆಂದು ಬಗೆದನು.

ಇಬ್ಬರೂ ಸೇರಿ ಮಾಡಿದ ಮೊದಲ ಉಪಕರಣವನ್ನು ಚಳಿಗಾಲದಲ್ಲಿ ಪ್ಯಾರಿಸ್ಸಿನ ಸಮೀಪದ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಕೂಸ್ತೊ ಮಲಗಿದಂತೆ ಈಜಿದಾಗ ಉಪಕರಣವು ಸೊಗಸಾಗಿ ನಡೆಯಿತು. ನೆಟ್ಟಗೆ ನಿಂತೊಡನೆ ಗಾಳಿಯು ತಡೆಯಿಲ್ಲದೆ ಸುರಿದುಹೋಯಿತು. ತಲೆಕೆಳಗಾದಾಗ ಉಸಿರೆಳೆಯುವುದೇ ಕಷ್ಟವಾಯಿತು. ಕಾರಣವು ಸರಳವಾಗಿತ್ತು: ಉಸಿರು ಹೊರಹೋಗುವ ಬಾಯಿಯೂ ಪೊರೆಯೂ ಬೇರೆಬೇರೆ ಎತ್ತರದಲ್ಲಿದ್ದುವು. ಕೆಲವೇ ಅಂಗುಲಗಳ ಆ ವ್ಯತ್ಯಾಸವು ಕವಾಟವನ್ನು ತೆರೆದಿಡಲು ಸಾಕಾಗಿತ್ತು. ಎರಡನ್ನೂ ಒಂದೇ ಮಟ್ಟದಲ್ಲಿ ಜೋಡಿಸಿದ ಮೇಲೆ ತೊಂದರೆ ನಿವಾರಣೆಯಾಯಿತು. ಪೊರೆಯ ಎರಡು ಮಗ್ಗುಲುಗಳ ನಡುವೆ ಕೆಲವು ಸೆಂಟಿಮೀಟರು ನೀರಿನಷ್ಟು ಒತ್ತಡದ ಅಂತರ ಬಂದರೆ ಸಾಕು, ಯಂತ್ರವು ಅದನ್ನು ಉಸಿರೆಂದೇ ತಿಳಿಯುವುದು. ಅಂತರವು ಎದೆಯಿಂದ ಬಂದಿತೋ, ನೀರಿನ ಆಳದಿಂದ ಬಂದಿತೋ, ಹರಿವಿನಿಂದ ಬಂದಿತೋ ಎಂಬ ವಿವೇಚನೆ ಅದಕ್ಕಿಲ್ಲ.

ಹರಿವು ಒತ್ತುವ ಗುಂಡಿ

ಹರಿಯುವ ನೀರನ್ನು ಒಂದು ತಡೆಯು ನಿಲ್ಲಿಸಿದಾಗ ಅದರ ಚಲನಶಕ್ತಿಯು ಒತ್ತಡವಾಗಿ ಮಾರ್ಪಡುವುದು. ಬೆರ್ನೂಲಿಯ ಸೂತ್ರದಂತೆ ಈ ಹೆಚ್ಚುವರಿ ಒತ್ತಡವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಕಡಲ ನೀರಿನ ಸಾಂದ್ರತೆಯನ್ನು ಘನ ಮೀಟರಿಗೆ 1025 ಕಿಲೊಗ್ರಾಂ ಎಂದು ಹಿಡಿದರೆ ಲೆಕ್ಕವು ಹೀಗಾಗುವುದು:

ಸೆಕೆಂಡಿಗೆ 0.5 ಮೀಟರು ವೇಗದಲ್ಲಿ 128 ಪಾಸ್ಕಲ್, ಎಂದರೆ 1.3 ಸೆಂಟಿಮೀಟರು ನೀರು;
ಸೆಕೆಂಡಿಗೆ 1 ಮೀಟರು ವೇಗದಲ್ಲಿ 512 ಪಾಸ್ಕಲ್, ಎಂದರೆ 5.2 ಸೆಂಟಿಮೀಟರು;
ಸೆಕೆಂಡಿಗೆ 1.5 ಮೀಟರು ವೇಗದಲ್ಲಿ 1153 ಪಾಸ್ಕಲ್, ಎಂದರೆ 11.8 ಸೆಂಟಿಮೀಟರು;
ಸೆಕೆಂಡಿಗೆ 2 ಮೀಟರು ವೇಗದಲ್ಲಿ 2050 ಪಾಸ್ಕಲ್, ಎಂದರೆ 20.9 ಸೆಂಟಿಮೀಟರು.

ಸೆಕೆಂಡಿಗೆ ಒಂದು ಮೀಟರೆಂದರೆ ನಾವಿಕರ ಮಾತಿನಲ್ಲಿ ಸುಮಾರು 2 ನಾಟ್. ನಾವು ಬೀದಿಯಲ್ಲಿ ನಿಧಾನವಾಗಿ ನಡೆಯುವ ವೇಗ. ನಮ್ಮ ಕವಾಟವಾದರೋ 3 ಸೆಂಟಿಮೀಟರಿಗೇ ತೆರೆಯುವಂಥದು. ಲೆಕ್ಕವನ್ನು ತಿರುಗಿಸಿ ನೋಡಿದರೆ, ಸೆಕೆಂಡಿಗೆ ಸುಮಾರು 0.76 ಮೀಟರು, ಎಂದರೆ ಸುಮಾರು ಒಂದೂವರೆ ನಾಟ್ ವೇಗದ ನೀರು ನೇರವಾಗಿ ಪೊರೆಗೆ ಬಡಿದರೂ ಸಾಕು, ಯಾರೂ ಹೀರದೆಯೇ ಗಾಳಿಯು ಹರಿಯತೊಡಗುವುದು. ಬಂಡೆಯ ಮರೆಯನ್ನು ದಾಟಿದವನಿಗೆ ಆದುದು ಇದೇ. ಅದೃಶ್ಯವಾದ ಒಂದು ಬೆರಳು ಅವನ ಗುಂಡಿಯನ್ನು ಒತ್ತಿ ಹಿಡಿದಿತ್ತು.

ವಾಸ್ತವದಲ್ಲಿ ಮುಚ್ಚಳದ ಸಣ್ಣ ಕಿಂಡಿಗಳು ಹರಿವನ್ನು ಒಂದಿಷ್ಟು ಮುರಿಯುವುದರಿಂದ ಲೆಕ್ಕದ ಪೂರ್ತಿ ಒತ್ತಡವು ಪೊರೆಗೆ ತಾಗದಿರಬಹುದು. ಹರಿವು ಓರೆಯಾಗಿ ಬಂದರೂ ಬಲವು ಕುಗ್ಗುವುದು. ಆದರೆ ಒತ್ತಡವು ವೇಗದ ವರ್ಗದಂತೆ ಏರುವುದನ್ನು ಮರೆಯಬಾರದು. ವೇಗವು ಎರಡರಷ್ಟಾದರೆ ಒತ್ತಡವು ನಾಲ್ಕರಷ್ಟು. ನಿಮಿಷಾರ್ಧದಲ್ಲಿ ಬದಲಾಗುವ ಸೆಳವಿನಲ್ಲಿ ಇದು ಅಲ್ಪವಾದ ವಿಷಯವಲ್ಲ.

ಏದುಸಿರಿನ ಲೆಕ್ಕ

ಇದು ಸೆಳವಿನ ಒಂದು ಪೆಟ್ಟು. ಎರಡನೆಯ ಪೆಟ್ಟು ಇನ್ನೂ ಗಂಭೀರವಾದುದು. ಅದು ಯಂತ್ರಕ್ಕಲ್ಲ, ಮನುಷ್ಯನಿಗೆ ಬೀಳುವುದು. ಶಾಂತವಾಗಿ ತೇಲುವವನು ನಿಮಿಷಕ್ಕೆ ಸುಮಾರು 15 ಲೀಟರು ಗಾಳಿಯನ್ನು ಉಸಿರಾಡಿದರೆ, ಸೆಳವಿನ ಎದುರಿಗೆ ಈಜುವವನಿಗೆ 60 ಲೀಟರು ಬೇಕಾಗಬಹುದು. 20 ಮೀಟರು ಆಳದಲ್ಲಿ ಗಾಳಿಯು ಮೂರರಷ್ಟು ದಟ್ಟವಾಗಿರುವುದರಿಂದ, ಸಿಲಿಂಡರಿನಿಂದ ಹೋಗುವ ಗಾಳಿಯನ್ನು ಮೇಲ್ಮೈಯ ಒತ್ತಡಕ್ಕೆ ಇಳಿಸಿ ಎಣಿಸಿದರೆ ಮೊದಲನೆಯವನ ಖರ್ಚು ನಿಮಿಷಕ್ಕೆ 45 ಲೀಟರು, ಎರಡನೆಯವನ ಖರ್ಚು 180 ಲೀಟರು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯೆಂದರೆ 2400 ಲೀಟರು. ಮೊದಲನೆಯವನಿಗೆ ಅದು 53 ನಿಮಿಷ ಬಂದರೆ ಎರಡನೆಯವನಿಗೆ 13 ನಿಮಿಷವೂ ಕಷ್ಟ. ಕವಾಟವು ತಾನಾಗಿ ಹರಿಯುತ್ತಿದ್ದರಂತೂ ಅದೂ ಇಲ್ಲ.

ಉಸಿರು ಸಮಪ್ರವಾಹವಲ್ಲವೆಂಬುದನ್ನೂ ಗಮನಿಸಬೇಕು. ಅರ್ಧ ಕಾಲ ಎಳೆಯುವೆವು, ಅರ್ಧ ಕಾಲ ಬಿಡುವೆವು. ಉಸಿರಾಟವನ್ನು ಸೈನ್ ರೇಖೆಯಂತೆ ಭಾವಿಸಿದರೆ, ಎಳೆತದ ನಡುವಿನ ಗರಿಷ್ಠ ಪ್ರವಾಹವು ಸರಾಸರಿಯ 3.14ರಷ್ಟಾಗುವುದು. 60 ಲೀಟರಿನವನು ಆ ಕ್ಷಣದಲ್ಲಿ ನಿಮಿಷಕ್ಕೆ 188 ಲೀಟರಿನ ವೇಗದಲ್ಲಿ ಎಳೆಯುತ್ತಿರುತ್ತಾನೆ. ಮೇಲ್ಮೈಯ ಲೆಕ್ಕದಲ್ಲಿ ಅದು 565 ಲೀಟರು. ಯಂತ್ರದ ಯೋಗ್ಯತೆಯನ್ನು ಅಳೆಯಬೇಕಾದುದು ಈ ಕ್ಷಣದಲ್ಲಿಯೇ ಹೊರತು ಅಂಗಡಿಯಲ್ಲಿ ನಿಂತು ಎಳೆದ ಒಂದು ಹಗುರ ಉಸಿರಿನಲ್ಲಲ್ಲ.

ದಟ್ಟವಾದ ಗಾಳಿಯನ್ನು ಸಣ್ಣ ದಾರಿಗಳಲ್ಲಿ ನೂಕಲು ಹೆಚ್ಚು ಶ್ರಮ ಬೇಕು. ಶ್ರಮವು ಮಿತಿ ಮೀರಿದರೆ ಉಸಿರಾಟದ ಸ್ನಾಯುಗಳು ಸೋತು, ಇಂಗಾಲದ ಡೈಆಕ್ಸೈಡು ರಕ್ತದಲ್ಲಿ ಉಳಿಯುತ್ತ ಹೋಗುವುದು. ಆಗ ಏದುಸಿರು, ತಲೆನೋವು, ದಿಗಿಲು, ಕೊನೆಗೆ ಎಚ್ಚರ ತಪ್ಪುವುದು. ಗ್ಯಾವಿನ್ ಆಂಥೊನಿ ಮತ್ತು ಸೈಮನ್ ಮಿಚೆಲ್ ಎಂಬ ಸಂಶೋಧಕರು 2016ರಲ್ಲಿ ಉಸಿರಾಡುವ ಅನಿಲದ ಸಾಂದ್ರತೆಯು ಲೀಟರಿಗೆ 5.2 ಗ್ರಾಂ ಮೀರದಿರುವುದು ಲೇಸೆಂದು ಸೂಚಿಸಿದರು. ಸಾಧಾರಣ ಗಾಳಿಯು ಈ ಮಟ್ಟವನ್ನು ಮುಟ್ಟುವುದು ಸುಮಾರು 31 ಮೀಟರು ಆಳದಲ್ಲಿ. ಬಲವಾದ ಸೆಳವಿರುವಲ್ಲಿ ಆಳವನ್ನು ಕಡಮೆ ಮಾಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಆಯ್ಕೆಯ ತತ್ತ್ವಗಳು

ಹೀಗೆ ಸೆಳವಿನ ನೀರಿನ ರೆಗ್ಯುಲೇಟರಿಗೆ ಪರಸ್ಪರ ವಿರುದ್ಧವಾದ ಎರಡು ಗುಣಗಳು ಬೇಕು. ಹರಿವಿನ ಒತ್ತಡಕ್ಕೆ ಅದು ತೆರೆಯಬಾರದು, ಏದುಸಿರಿಗೆ ತಡೆಯಾಗಲೂಬಾರದು. ಆಯ್ಕೆಯ ಮರ್ಮವೆಲ್ಲ ಈ ಎರಡರ ಹೊಂದಾಣಿಕೆಯಲ್ಲಿದೆ.

ಮೊದಲು ಎರಡನೆಯ ಘಟ್ಟವನ್ನು ನೋಡೋಣ. ಕವಾಟದ ಸ್ಪ್ರಿಂಗನ್ನು ಬಿಗಿಮಾಡಲು ಅಥವಾ ಸಡಿಲಿಸಲು ಅದರ ಪಕ್ಕದಲ್ಲಿ ಒಂದು ತಿರುಪು ಇರುವುದು ಉತ್ತಮ. ಸೆಳವಿಗೆ ಮುಖವೊಡ್ಡಬೇಕಾದಾಗ ಅದನ್ನು ಬಿಗಿಮಾಡಿ, 3 ಸೆಂಟಿಮೀಟರಿನ ಅಳತೆಯನ್ನು ಏರಿಸಬಹುದು. ಆದರೆ ಬಿಗಿಸಿದ ತಿರುಪನ್ನು ಬಂಡೆಯ ಮರೆಗೆ ಬಂದೊಡನೆ ಸಡಿಲಿಸಬೇಕು. ಇದನ್ನು ಹಲವರು ಮರೆಯುವರು. ಹರಿವಿನಲ್ಲಿ ನೀರೇ ಪೊರೆಯನ್ನು ಒತ್ತಿ ಉಸಿರಿಗೆ ನೆರವಾಗುತ್ತಿತ್ತು. ಮರೆಯಲ್ಲಿ ಆ ನೆರವಿಲ್ಲ, ಬಿಗಿತ ಮಾತ್ರ ಉಳಿಯುವುದು. ಮುಳುಗುಗಾರನಾದರೋ ಅದೇ ಕ್ಷಣದಲ್ಲಿ ದಣಿದು ಏದುತ್ತಿರುವನು. ತಿರುಪು 5 ಸೆಂಟಿಮೀಟರು ಹೆಚ್ಚಿಸಿದೆಯೆಂದೂ, ಎಳೆತದ ಉದ್ದಕ್ಕೂ ಆ ಹೆಚ್ಚಳ ಇದೆಯೆಂದೂ ಭಾವಿಸಿದರೆ, ಪ್ರತಿ ಲೀಟರಿಗೆ ಅರ್ಧ ಜೂಲ್‌ನಷ್ಟು ಕೆಲಸ ಹೆಚ್ಚಾಗುವುದು. ಐರೋಪ್ಯ ಮಾನದಂಡವಾದ ಇಎನ್ 250ರ ಪ್ರಕಾರ, 50 ಮೀಟರು ಆಳದ ಒತ್ತಡದಲ್ಲಿ ನಿಮಿಷಕ್ಕೆ 62.5 ಲೀಟರು ಉಸಿರಾಡುವಾಗ ಒಟ್ಟು ಕೆಲಸವು ಲೀಟರಿಗೆ 3 ಜೂಲ್ ಮೀರಬಾರದು. ಆ ಮಿತಿಯಲ್ಲಿ ಅರ್ಧ ಜೂಲ್ ಎಂಬುದು ಆರನೆಯ ಒಂದು ಪಾಲು.

ಈ ತಿರುಪಲ್ಲದೆ ಒಂದು ಸಣ್ಣ ಹಿಡಿಯೂ ಹಲವು ಮಾದರಿಗಳಲ್ಲಿ ಇರುತ್ತದೆ. ಕವಾಟದಿಂದ ರಭಸವಾಗಿ ಚಿಮ್ಮುವ ಗಾಳಿಯು ವೆಂಚುರಿ ಪರಿಣಾಮದಿಂದ ಡಬ್ಬಿಯೊಳಗಿನ ಒತ್ತಡವನ್ನು ಇನ್ನಷ್ಟು ಇಳಿಸಿ ಪೊರೆಯನ್ನು ತಾನೇ ಒಳಗೆ ಎಳೆದುಕೊಳ್ಳುವುದು. ಉಸಿರಾಡುವಾಗ ಇದು ಉಪಕಾರಿ. ಬಾಯಿಂದ ಹೊರಗಿರುವಾಗ ಇದೇ ಹರಿವನ್ನು ನಿಲ್ಲದಂತೆ ಮಾಡುವುದು. ಹಿಡಿಯನ್ನು ತಿರುಗಿಸಿ ಈ ಪರಿಣಾಮವನ್ನು ಕುಂದಿಸಬಹುದು. ಹರಿವು ನೇರವಾಗಿ ಪೊರೆಗೆ ಬಡಿಯದಂತೆ ಕಿಂಡಿಗಳನ್ನು ಅಂಚಿಗೆ ಸರಿಸಿದ ಮುಚ್ಚಳವೂ, ಸುಲಭವಾಗಿ ಒತ್ತಿಹೋಗದ ಗುಂಡಿಯೂ ಅಪೇಕ್ಷಣೀಯ.

ಮೊದಲನೆಯ ಘಟ್ಟದಲ್ಲಿ 'ಸಮತೋಲಿತ' ಎಂಬ ಬಗೆಯನ್ನೇ ಆರಿಸಬೇಕು. ಸಮತೋಲಿತವಲ್ಲದ ಸಾಧಾರಣ ಪಿಸ್ಟನ್ನಿನ ಮಾದರಿಯಲ್ಲಿ ಸಿಲಿಂಡರಿನ ಒತ್ತಡವೂ ಕವಾಟವನ್ನು ತೆರೆಯಲು ನೂಕುವುದರಿಂದ, ಸಿಲಿಂಡರು ಬರಿದಾದಂತೆಲ್ಲ ಮಧ್ಯಂತರ ಒತ್ತಡವು ಇಳಿದು ಉಸಿರು ಬಿಗಿಯಾಗುವುದು. ಹೋರಾಡಿ ದಣಿದವನ ಸಿಲಿಂಡರೇ ಬರಿದಾಗಿರುವುದಷ್ಟೆ! ಸಮತೋಲಿತ ಮಾದರಿಯಲ್ಲಿ ಸಿಲಿಂಡರಿನ ಒತ್ತಡವು ಕವಾಟದ ಎರಡು ಕಡೆಯೂ ಸಮನಾಗಿ ಬೀಳುವಂತೆ ರಚಿಸಿರುವುದರಿಂದ ಈ ತೊಂದರೆಯಿಲ್ಲ. ಪಿಸ್ಟನ್ನಿನದೂ ಪೊರೆಯದೂ ಎರಡೂ ಸಮರ್ಥವಾದುವೇ. ಆದರೆ ಸೆಳವು ಮರಳನ್ನೂ ಕೆಸರನ್ನೂ ಹೊತ್ತು ತರುವಲ್ಲಿ, ಒಳಗಿನ ಭಾಗಗಳಿಗೆ ಕಡಲ ನೀರು ಸೋಕದ ಪೊರೆಯ ಮಾದರಿಗೆ ಪಾಲನೆ ಸುಲಭ.

ಸಿಲಿಂಡರಿಗೆ ಜೋಡಿಸುವ ರೀತಿ ಎರಡು ಬಗೆ: ಹೊರಗಿನಿಂದ ಬಳೆಯಂತೆ ಹಿಡಿದು ಬಿಗಿಯುವುದು, ಮತ್ತು ತಿರುಪಿನ ಎಳೆಗಳಿಂದ ಒಳಕ್ಕೆ ಸೇರಿಸುವ ಡಿನ್ ಎಂಬುದು. ಎರಡನೆಯದರಲ್ಲಿ ಗಾಳಿಯನ್ನು ತಡೆಯುವ ಓ-ರಿಂಗ್ ಬಳೆಯು ಲೋಹದ ನಡುವೆ ಸಿಕ್ಕಿ ಭದ್ರವಾಗಿರುತ್ತದೆ. ಸೆಳವು ಬಂಡೆಗೆ ಬಡಿಸಬಹುದಾದ ನೀರಿನಲ್ಲಿ ಇದು ಹೆಚ್ಚು ನಂಬಿಕೆಗೆ ಅರ್ಹ. ಬಾಯಲ್ಲಿ ಕಚ್ಚುವ ತುಂಡು ಬಾಯಿಗೆ ಹೊಂದುವಂತಿರಬೇಕು. ಸೆಳವು ಕೊಳವೆಯನ್ನು ಎಳೆದಾಗ ಅದನ್ನು ಹಿಡಿದು ನಿಲ್ಲಿಸುವುದು ಹಲ್ಲುಗಳೇ.

ಜೊತೆಗಾರನ ಆಪತ್ತಿಗೆಂದು ಒಯ್ಯುವ ಹೆಚ್ಚುವರಿ ಎರಡನೆಯ ಘಟ್ಟವನ್ನು ಮರೆಯಬಾರದು. ಅದು ಜೋತು ಬಿದ್ದಿದ್ದರೆ ಸೆಳವಿನಲ್ಲಿ ಬಡಿದಾಡಿ, ಯಾರ ಗಮನಕ್ಕೂ ಬಾರದೆ ಬೆನ್ನ ಹಿಂದೆ ಗಾಳಿಯನ್ನು ಸುರಿಯುತ್ತಿರಬಹುದು. ಅದನ್ನು ಎದೆಯ ಮೇಲೆ, ಕಚ್ಚುವ ಬಾಯಿ ಕೆಳಮುಖವಾಗಿರುವಂತೆ ಸಿಕ್ಕಿಸಬೇಕು. ಬಾಯಿ ಮೇಲ್ಮುಖವಾದರೆ ಪೊರೆಯು ಕೆಳಗಾಗಿ, ಮಾರ್ನ್ ನದಿಯ ತೊಂದರೆಯೇ ಮರುಕಳಿಸುವುದು. ಇಬ್ಬರೂ ಒಂದೇ ಮೊದಲ ಘಟ್ಟದಿಂದ ಏದುಸಿರಿನಲ್ಲಿ ಎಳೆದರೆ ಬೇಡಿಕೆ ಇಮ್ಮಡಿಯಾಗುವುದು. ಇಂತಹ ನೆರವಿನ ಉಸಿರಾಟಕ್ಕೂ ತಕ್ಕುದೆಂದು ಪರೀಕ್ಷಿಸಿದ ರೆಗ್ಯುಲೇಟರಿನ ಮೇಲೆ ಇಎನ್ 250ಎ ಎಂಬ ಗುರುತು ಇರುತ್ತದೆ.

ಪಾಲನೆಯ ಕ್ರಮ

ಒಳ್ಳೆಯ ಯಂತ್ರವನ್ನು ಕೊಂಡರೆ ಅರ್ಧ ಕೆಲಸವಾಯಿತು. ಉಳಿದರ್ಧವು ಪಾಲನೆಯಲ್ಲಿದೆ. ಒಂದು ಮರಳ ಕಣವು ಪೊರೆಯ ಅಂಚಿನಲ್ಲಿ ಸಿಕ್ಕಿಕೊಂಡರೆ ಪ್ರತಿ ಉಸಿರಿನೊಡನೆ ನೀರು ಬಾಯಿಗೆ ಬರುವುದು. ಒಂದು ಉಪ್ಪಿನ ಹರಳು ಕವಾಟದ ಪೀಠದಲ್ಲಿ ಬೆಳೆದರೆ ಗಾಳಿಯು ಸೋರುವುದು. ಆದುದರಿಂದ ಕಡಲಿನಿಂದ ಬಂದೊಡನೆ, ಉಪ್ಪು ಒಣಗುವ ಮೊದಲೇ, ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಇದಕ್ಕೆ ಎರಡು ನಿಯಮಗಳಿವೆ. ಮೊದಲನೆಯದು, ಗಾಳಿ ಒಳಬರುವ ಬಾಯಿಯ ಮುಚ್ಚಳವನ್ನು ಒರಸಿ ಒಣಗಿಸಿ ಬಿಗಿಯಾಗಿ ಹಾಕಿರಬೇಕು. ಎರಡನೆಯದು, ಸಿಲಿಂಡರಿನಿಂದ ಬಿಚ್ಚಿದ ಮೇಲೆ ನೀರಿನಲ್ಲಿರುವಾಗ ಗುಂಡಿಯನ್ನು ಒತ್ತಲೇಬಾರದು. ಕೊಳವೆಯಲ್ಲಿ ಒತ್ತಡವಿಲ್ಲದಾಗ ಕವಾಟವು ತೆರೆದರೆ ನೀರು ಕೊಳವೆಯನ್ನು ಸೇರಿ ಮೊದಲನೆಯ ಘಟ್ಟದವರೆಗೂ ಹೋಗುವುದು. ಸಾಧ್ಯವಾದಲ್ಲಿ ಸಿಲಿಂಡರಿಗೆ ಜೋಡಿಸಿ, ಗಾಳಿಯನ್ನು ಬಿಟ್ಟುಕೊಂಡೇ ತೊಳೆಯುವುದು ಮೇಲು.

ಮೊದಲನೆಯ ಘಟ್ಟದ ಬಾಯಲ್ಲಿ ಲೋಹದ ಪುಡಿಯನ್ನು ಬೆಸೆದು ಮಾಡಿದ ಒಂದು ಸಣ್ಣ ಸೋಸಕವಿರುತ್ತದೆ. ಅದರ ಬಣ್ಣವೇ ಒಂದು ವರದಿ. ಹಸಿರು ಬಣ್ಣವು ನೀರು ಒಳಹೊಕ್ಕು ಲೋಹವು ಕಿಲುಬು ಹಿಡಿದುದನ್ನು ಸೂಚಿಸುವುದು. ಕೆಂಗಂದು ಬಣ್ಣವು ಉಕ್ಕಿನ ಸಿಲಿಂಡರಿನೊಳಗಿನ ತುಕ್ಕನ್ನು ಸೂಚಿಸುವುದು. ಕಪ್ಪು ಬಣ್ಣವಿದ್ದರೆ ಗಾಳಿ ತುಂಬುವ ಯಂತ್ರದ ಶೋಧಕದ ಕಡೆಗೆ ಸಂಶಯಪಡಬೇಕು. ಮೂರರಲ್ಲಿ ಯಾವುದು ಕಂಡರೂ ನೀರಿಗಿಳಿಯದೆ ರೆಗ್ಯುಲೇಟರನ್ನು ಬಿಚ್ಚಿ ನೋಡಿಸಬೇಕು.

ಯಾರು ಬೇಕಾದರೂ ಮಾಡಬಹುದಾದ ನಾಲ್ಕು ಪರೀಕ್ಷೆಗಳುಂಟು. ಒಂದು: ಮುಚ್ಚಳವನ್ನು ಬಿಗಿದು, ಗಾಳಿಯ ಸಂಬಂಧವಿಲ್ಲದೆ, ಬಾಯಿಂದ ಮೆಲ್ಲನೆ ಹೀರುವುದು. ಏನೂ ಬರಬಾರದು. ಗಾಳಿಯು ಬಂದರೆ ಪೊರೆಯೋ ಉಸಿರು ಹೊರಹೋಗುವ ಕವಾಟವೋ ಹರಿದಿದೆ, ಇಲ್ಲವೆ ಕಸ ಸಿಕ್ಕಿದೆ. ಎರಡು: ಸಿಲಿಂಡರನ್ನು ತೆರೆದು, ಒತ್ತಡಮಾಪಕವನ್ನು ನೋಡುತ್ತ ನಾಲ್ಕಾರು ಬಾರಿ ದೀರ್ಘವಾಗಿ ಉಸಿರಾಡುವುದು. ಪ್ರತಿ ಎಳೆತಕ್ಕೂ ಮುಳ್ಳು ಕುಸಿದು ಏರುತ್ತಿದ್ದರೆ ಸಿಲಿಂಡರಿನ ಕವಾಟವು ಪೂರ್ತಿಯಾಗಿ ತೆರೆದಿಲ್ಲ, ಅಥವಾ ಸೋಸಕವು ಕಟ್ಟಿಕೊಂಡಿದೆ.

ಮೂರನೆಯದು ಮಧ್ಯಂತರ ಒತ್ತಡದ ಪರೀಕ್ಷೆ. ತಕ್ಕ ಮಾಪಕವನ್ನು ಕೊಳವೆಗೆ ಜೋಡಿಸಿದರೆ, ಒಂದು ಉಸಿರಿನ ಅನಂತರ ಮುಳ್ಳು ತಯಾರಕರು ಹೇಳಿದ ಅಂಕೆಗೆ ಏರಿ ಸ್ಥಿರವಾಗಿ ನಿಲ್ಲಬೇಕು. ನಿಲ್ಲದೆ ಮೆಲ್ಲಮೆಲ್ಲನೆ ಏರುತ್ತಿದ್ದರೆ ಮೊದಲನೆಯ ಘಟ್ಟದ ಪೀಠವು ಸವೆದು ಸೋರುತ್ತಿದೆಯೆಂದು ತಿಳಿಯಬೇಕು. ಎರಡನೆಯ ಘಟ್ಟದ ಕವಾಟವು ಹೆಚ್ಚಿನ ಒತ್ತಡಕ್ಕೆ ಹೊರಮುಖವಾಗಿ ತೆರೆಯುವಂತೆ ಇರುವುದರಿಂದ ಕೊಳವೆಯು ಸಿಡಿಯದು. ಗಾಳಿಯು ಬಾಯಿಯ ಕಡೆಗೆ ಸೋರುವುದು. ಇಂತಹ ಯಂತ್ರವು ನಿಂತ ನೀರಿನಲ್ಲಿ ಹೇಗೋ ನಡೆದೀತು. ಸೆಳವಿನಲ್ಲಿ, ಹರಿವಿನ ಒತ್ತಡವೂ ಸೇರಿದಾಗ, ಅದನ್ನು ಹಿಡಿಯುವವರಿಲ್ಲ.

ನಾಲ್ಕನೆಯ ಪರೀಕ್ಷೆಗೆ ಬೇಕಾದುದು ಒಂದು ಬೋಗುಣಿ ನೀರು ಮತ್ತು ಒಂದು ಅಳತೆಪಟ್ಟಿ ಮಾತ್ರ. ಗಾಳಿಯನ್ನು ಬಿಟ್ಟುಕೊಂಡು, ಎರಡನೆಯ ಘಟ್ಟವನ್ನು ಗುಂಡಿ ಕೆಳಗೆ, ಕಚ್ಚುವ ಬಾಯಿ ಮೇಲೆ ಇರುವಂತೆ ಹಿಡಿದು ಮೆಲ್ಲನೆ ನೀರಿಗೆ ಇಳಿಸಬೇಕು. ಬಾಯಿಯ ಮೂಲಕ ಒಳಗೆ ವಾಯುಮಂಡಲದ ಒತ್ತಡ, ಹೊರಗೆ ಪೊರೆಯ ಮೇಲೆ ನೀರಿನ ಒತ್ತಡ. ಹಿಸ್ಸೆಂಬ ಸದ್ದು ಹೊರಟ ಕ್ಷಣದಲ್ಲಿ ಪೊರೆಯು ಎಷ್ಟು ಸೆಂಟಿಮೀಟರು ಆಳದಲ್ಲಿದೆಯೋ ಅದೇ ಕವಾಟವನ್ನು ತೆರೆಯಲು ಬೇಕಾದ ಒತ್ತಡ. ತಿರುಪನ್ನು ಬಿಗಿಮಾಡಿ ಮತ್ತೆ ಅಳೆದರೆ, ತನ್ನ ಯಂತ್ರವು ಎಷ್ಟು ವೇಗದ ಸೆಳವನ್ನು ತಡೆದೀತೆಂದು ಮುಳುಗುಗಾರನು ದಡದಲ್ಲಿಯೇ ಲೆಕ್ಕ ಹಾಕಬಹುದು. ಈ ಅಳತೆಯನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಟ್ಟರೆ ಯಂತ್ರದ ಸವೆತವೂ ಅದರಲ್ಲಿ ಕಾಣುವುದು.

ಪರೀಕ್ಷೆಯು ಬೇರೆ, ದುರಸ್ತಿಯು ಬೇರೆ. ಓ-ರಿಂಗುಗಳನ್ನೂ ಪೀಠಗಳನ್ನೂ ತಯಾರಕರು ಹೇಳಿದ ಅವಧಿಯಲ್ಲಿ ತರಬೇತಿ ಪಡೆದವರ ಕೈಯಿಂದಲೇ ಬದಲಾಯಿಸಬೇಕು. ಮನೆಯ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಒಳಗೆ ಸೋಕಿಸಕೂಡದು. ಆಮ್ಲಜನಕ ಹೆಚ್ಚಾಗಿರುವ ಅನಿಲವು ಭಾರಿ ಒತ್ತಡದಲ್ಲಿ ಎಣ್ಣೆಯನ್ನು ಸಂಧಿಸಿದರೆ ಬೆಂಕಿ ಹತ್ತಬಹುದು. ಕೊಳವೆಗಳನ್ನು ಲೋಹಕ್ಕೆ ಸೇರುವ ಕುತ್ತಿಗೆಯಲ್ಲಿ ಬಾಗಿಸಿ ಬಿರುಕುಗಳಿಗಾಗಿ ನೋಡಬೇಕು. ಕಚ್ಚುವ ತುಂಡನ್ನು ಬಿಗಿದ ಪಟ್ಟಿಯನ್ನು ಎಳೆದು ನೋಡಬೇಕು. ಪಟ್ಟಿಯು ಕಳಚಿದರೆ ಸೆಳವು ಯಂತ್ರವನ್ನು ಒಯ್ಯುವುದು, ಹಲ್ಲಿನಲ್ಲಿ ರಬ್ಬರಿನ ತುಂಡು ಮಾತ್ರ ಉಳಿಯುವುದು.

ಯಂತ್ರದ ಮಿತಿ

ಇಷ್ಟೆಲ್ಲ ಎಚ್ಚರಿಕೆ ವಹಿಸಿದವನು ಸೆಳವನ್ನು ಗೆಲ್ಲಬಲ್ಲನೆ? ಇಲ್ಲ. ನೀರಿನ ತಡೆಯು ವೇಗದ ವರ್ಗದಂತೆ ಏರುವುದು. ತಡೆಯನ್ನು ಮೀರಿ ಮುಂದುವರಿಯಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಏರುವುದು. ಅರ್ಧ ನಾಟ್ ವೇಗದ ಸೆಳವಿನೆದುರು ನಿಂತಲ್ಲಿಯೇ ನಿಲ್ಲಬಲ್ಲವನು ಒಂದು ನಾಟ್ ಸೆಳವಿನಲ್ಲಿ ಹಾಗೆ ನಿಲ್ಲಲು ಎಂಟರಷ್ಟು ದುಡಿಯಬೇಕು. ಎರಡು ನಾಟ್ ಸೆಳವಿನಲ್ಲಿ ಅರುವತ್ತನಾಲ್ಕರಷ್ಟು. ಯಾವ ಎದೆಯೂ ಅಷ್ಟು ಉಸಿರನ್ನು ಎಳೆಯಲಾರದು, ಯಾವ ರೆಗ್ಯುಲೇಟರೂ ಅಷ್ಟನ್ನು ಒದಗಿಸಲಾರದು. ಆದುದರಿಂದ ಅನುಭವಿಗಳು ಸೆಳವಿಗೆ ಎದುರಾಗಿ ಈಜುವುದಿಲ್ಲ. ಉಬ್ಬರವಿಳಿತಗಳ ನಡುವಣ ನಿಲುಗಡೆಯನ್ನು ಕಾಯುವರು, ಬಂಡೆಯ ಮರೆಯನ್ನು ಹಿಡಿಯುವರು, ಸಿಕ್ಕಿಬಿದ್ದರೆ ಸೆಳವಿಗೆ ಅಡ್ಡವಾಗಿ ಸರಿದು ಪಾರಾಗುವರು, ಇಲ್ಲವೆ ಅದರೊಡನೆ ತೇಲಿ ದೂರದಲ್ಲಿ ಮೇಲೆದ್ದು ದೋಣಿಯನ್ನು ಕರೆಯುವರು. ಗಾಳಿಯು ತಾನಾಗಿ ಹರಿಯತೊಡಗಿದರೆ ಅಂಗೈಯನ್ನು ಮುಚ್ಚಳದ ಮುಂದೆ ಅಡ್ಡ ಹಿಡಿದು ಹರಿವನ್ನು ಮುರಿಯುವರು, ತಿರುಪನ್ನು ಬಿಗಿಮಾಡುವರು, ಮರೆಗೆ ಸರಿಯುವರು. ಎಷ್ಟೇ ದಿಗಿಲಾದರೂ ಉಸಿರು ಕಟ್ಟಿ ಮೇಲಕ್ಕೆ ಧಾವಿಸುವುದಿಲ್ಲ. ಏರುವಾಗ ಎದೆಯಲ್ಲಿ ಸಿಕ್ಕ ಗಾಳಿಯು ಬಾಯ್ಲನ ನಿಯಮದಂತೆ ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಇವನ್ನೆಲ್ಲ ಪುಸ್ತಕದಿಂದಲ್ಲ, ಅರ್ಹ ಗುರುವಿನಿಂದಲೇ ನೀರಿನಲ್ಲಿ ಕಲಿಯಬೇಕು.

ನಮ್ಮ ನಾಡಿನಲ್ಲಿಯೂ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮುಳುಗಾಟ ನಡೆಯುವುದು. ಮಳೆಗಾಲದ ಕಡಲಿನಲ್ಲಿ ಅದು ನಿಲ್ಲುವುದು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಮೀನುಗಳನ್ನು ನೋಡುವ ಮೊದಲು ಕೈಗೆ ಬಂದ ರೆಗ್ಯುಲೇಟರನ್ನೂ ಒಂದು ಕ್ಷಣ ನೋಡಲಿ. ಪೊರೆ ಎಲ್ಲಿದೆ, ಗುಂಡಿ ಎಲ್ಲಿದೆ, ತಿರುಪು ಎಲ್ಲಿದೆ ಎಂದು ಕೇಳಿ ತಿಳಿಯಲಿ. ತರಗತಿಯಲ್ಲಿ ಅಂಕಗಳಿಗಾಗಿ ಬರೆದ ಬೆರ್ನೂಲಿಯ ಸೂತ್ರವು ಅಲ್ಲಿ ಅವರ ಮುಂದಿನ ಉಸಿರನ್ನೇ ಕಾಯುತ್ತಿರುತ್ತದೆ.

ಅಭ್ಯಾಸಕ್ಕೆ

1. ಒಂದು ಕವಾಟವು 4 ಸೆಂಟಿಮೀಟರು ನೀರಿನ ಒತ್ತಡಕ್ಕೆ ತೆರೆಯುವುದು. ಎಷ್ಟು ವೇಗದ ಸೆಳವು ನೇರವಾಗಿ ಬಡಿದರೆ ಗಾಳಿಯು ತಾನಾಗಿ ಹರಿಯುವುದು? (ಉತ್ತರ: ಸೆಕೆಂಡಿಗೆ ಸುಮಾರು 0.87 ಮೀಟರು, ಎಂದರೆ ಸುಮಾರು 1.7 ನಾಟ್.)

2. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿಯಿದೆ. 50 ಬಾರ್‌ನಷ್ಟನ್ನು ಆಪತ್ತಿಗೆಂದು ಉಳಿಸಬೇಕು. 30 ಮೀಟರು ಆಳದಲ್ಲಿ ನಿಮಿಷಕ್ಕೆ 40 ಲೀಟರು ಉಸಿರಾಡುವವನಿಗೆ ಎಷ್ಟು ಕಾಲ ದೊರೆಯುವುದು? (ಉತ್ತರ: ಸುಮಾರು 11 ನಿಮಿಷ.)

3. ಸೆಳವಿನ ವೇಗವು ಸೆಕೆಂಡಿಗೆ 0.5 ಮೀಟರಿನಿಂದ 0.75 ಮೀಟರಿಗೆ ಏರಿತು. ಅದರೆದುರು ನಿಂತಲ್ಲಿಯೇ ನಿಲ್ಲಲು ಬೇಕಾದ ಸಾಮರ್ಥ್ಯವು ಎಷ್ಟರಷ್ಟಾಯಿತು? (ಉತ್ತರ: ಸುಮಾರು 3.4ರಷ್ಟು.)